ಹಳೆಯ ಹೈಬ್ರಿಡ್ ಕಾರು: ಮೈಲೇಜ್ ಕೇಳಿ ಮರುಳಾಗುವ ಮುನ್ನ

ಕಾರು ಎಂಬುದು ಈಗ ಸಾಹುಕಾರರ ಮನೆಯ ಸೊತ್ತಾಗಿ ಉಳಿದಿಲ್ಲ. ಖಾನಾಪುರದಿಂದ ಬೆಳಗಾವಿಗೆ ದಿನವೂ ಅಂಗಡಿಗೆ, ಕಚೇರಿಗೆ, ಕಾಲೇಜಿಗೆ ಹೋಗಿ ಬರುವವರ ಮನೆಯಲ್ಲಿ ಅದು ಅಗತ್ಯದ ವಸ್ತುವಾಗಿಬಿಟ್ಟಿದೆ. ಮಳೆಗಾಲದ ನಾಲ್ಕು ತಿಂಗಳು ಆ ಭಾಗದಲ್ಲಿ ಬೈಕಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದು ಎಷ್ಟು ಕಷ್ಟವೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ವಯಸ್ಸಾದ ತಂದೆ ತಾಯಿಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯುವ ಜವಾಬ್ದಾರಿ ಇದ್ದವರಂತೂ ಒಂದಲ್ಲ ಒಂದು ದಿನ ಸೆಕೆಂಡ್ ಹ್ಯಾಂಡ್ ಕಾರಿನ ವಿಚಾರಕ್ಕೆ ಬಂದೇ ಬರುತ್ತಾರೆ.

ಪೆಟ್ರೋಲ್ ಬೆಲೆ ಲೀಟರಿಗೆ ನೂರರ ಆಸುಪಾಸಿಗೆ ಬಂದ ಮೇಲೆ ಈ ವಿಚಾರದೊಳಗೆ ಹೊಸ ಪದವೊಂದು ಸೇರಿಕೊಂಡಿದೆ. ಹೈಬ್ರಿಡ್! "ಹೈಬ್ರಿಡ್ ಗಾಡಿ ಐತ್ರಿ, ಮೈಲೇಜಿಂದ ಏನೂ ಚಿಂತಿ ಮಾಡಬ್ಯಾಡ್ರಿ" ಎಂದು ಏಜೆಂಟ್ ಹೇಳಿದರೆ, ಅರ್ಧ ವ್ಯಾಪಾರ ಅಲ್ಲೇ ಕುದುರಿಬಿಡುತ್ತದೆ. ಅದೇ ಹೆಸರಿನ ಮೇಲೆ ಐವತ್ತು ಸಾವಿರ, ಲಕ್ಷ ರೂಪಾಯಿ ಹೆಚ್ಚು ಕೇಳುವುದೂ ಉಂಟು. ಹಾಗೆ ಕೊಡುವ ಹಣ ಎಲ್ಲಿಂದ ಬಂದದ್ದು? ಬಡ್ಡಿಯ ಸಾಲಕ್ಕೆ ಕೈ ಹಾಕಬಾರದೆಂದು ವರ್ಷಗಟ್ಟಲೆ ಕೂಡಿಟ್ಟದ್ದು, ಇಲ್ಲವೇ ಮನೆಯಾಕೆಯ ಬಳೆ ಮಾರಿ ಸೇರಿಸಿದ್ದು. ಆದ್ದರಿಂದ ಈ ಪದದ ಹಿಂದೆ ಏನಿದೆ ಎಂದು ಸ್ವಲ್ಪ ಬಿಡಿಸಿ ನೋಡೋಣ.

ಹೈಬ್ರಿಡ್ ಎಂದರೆ ಇಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡೂ ಇರುವ ಕಾರು. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹಾಳಾಗಿ ಹೋಗುವ ಶಕ್ತಿಯ ಒಂದು ಪಾಲನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ, ಮತ್ತೆ ಹೊರಡುವಾಗ ಬಳಸುತ್ತದೆ. ಪ್ಲಗ್ ಚುಚ್ಚಿ ಚಾರ್ಜ್ ಮಾಡುವ ಗೊಡವೆ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮೋಟಾರ್ ಎಷ್ಟು ದೊಡ್ಡದು, ಬ್ಯಾಟರಿ ಎಷ್ಟು ದೊಡ್ಡದು ಎಂಬುದರ ಮೇಲೆ ಹೈಬ್ರಿಡ್‌ನಲ್ಲಿ ಎರಡು ಜಾತಿಗಳಿವೆ. ಒಂದು ಮೈಲ್ಡ್, ಇನ್ನೊಂದು ಸ್ಟ್ರಾಂಗ್. ಇವೆರಡರ ನಡುವಿನ ವ್ಯತ್ಯಾಸ ನೀರು ಬೆರೆಸಿದ ಹಾಲಿಗೂ ಗಟ್ಟಿ ಹಾಲಿಗೂ ಇರುವಷ್ಟು. ಮಾರುವವನು ಎರಡಕ್ಕೂ ಒಂದೇ ಹೆಸರು ಹೇಳುತ್ತಾನೆ.

ನಮ್ಮ ದೇಶದಲ್ಲಿ ಹೋಂಡಾ ಕಂಪನಿ 2008ರಲ್ಲೇ ಸಿವಿಕ್ ಹೈಬ್ರಿಡ್ ಮಾರಿತ್ತು. ಅದು ಇಂದು ಎಲ್ಲಾದರೂ ಕಂಡರೆ ನೋಡಿ ಸಂತೋಷಪಡಿ, ಕೊಳ್ಳುವ ಯೋಚನೆ ಬೇಡ. ಸೆಡಾನ್‌ಗಳಲ್ಲಿ ಇಂದು ಸೆಕೆಂಡ್ ಹ್ಯಾಂಡ್ ಆಗಿ ಕೈಗೆ ಸಿಗುವವು ಮುಖ್ಯವಾಗಿ ಮೂರು. ಮಾರುತಿ ಸಿಯಾಜ್, ಹೋಂಡಾ ಸಿಟಿ ಇ-ಎಚ್‌ಇವಿ ಮತ್ತು ಟೊಯೋಟಾ ಕ್ಯಾಮ್ರಿ.

ಹೆಚ್ಚು ಸಿಗುವುದು ಸಿಯಾಜ್. 2015ರ ಸೆಪ್ಟೆಂಬರ್‌ನಲ್ಲಿ ಅದರ ಡೀಸೆಲ್ ಕಾರಿಗೆ ಎಸ್‌ಎಚ್‌ವಿಎಸ್ ಎಂಬ ಪದ್ಧತಿ ಬಂತು. 2018ರ ಆಗಸ್ಟ್‌ನಲ್ಲಿ 1.5 ಲೀಟರ್ ಪೆಟ್ರೋಲ್ ಕಾರಿಗೂ ಅಂಥದ್ದೇ ಬಂತು. ಇದು ಮೈಲ್ಡ್ ಹೈಬ್ರಿಡ್. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಬಂದ್ ಆಗುತ್ತದೆ, ಕ್ಲಚ್ ಒತ್ತಿದರೆ ಸದ್ದಿಲ್ಲದೆ ಶುರುವಾಗುತ್ತದೆ, ವೇಗ ಹೆಚ್ಚಿಸುವಾಗ ಸಣ್ಣ ಮೋಟಾರ್ ಕೈಜೋಡಿಸುತ್ತದೆ. ಬರೀ ವಿದ್ಯುತ್ತಿನಿಂದ ಈ ಕಾರು ಒಂದು ಮಾರು ದೂರವೂ ಚಲಿಸದು.

ಉಳಿತಾಯ ಎಷ್ಟು? ಕಂಪನಿಯ ಅಂಕಿಯನ್ನೇ ತೆಗೆದುಕೊಳ್ಳಿ. ಹೈಬ್ರಿಡ್ ಇಲ್ಲದ ಹಳೆಯ ಡೀಸೆಲ್ ಸಿಯಾಜ್ ಲೀಟರಿಗೆ 26.21 ಕಿಲೋಮೀಟರ್, ಎಸ್‌ಎಚ್‌ವಿಎಸ್ ಬಂದ ಮೇಲೆ 28.09. ಅಂತರ ಎರಡು ಕಿಲೋಮೀಟರ್ ಕೂಡ ಇಲ್ಲ. ಖಾನಾಪುರ-ಬೆಳಗಾವಿ ಹೋಗಿ ಬರಲು ಸುಮಾರು 52 ಕಿಲೋಮೀಟರ್, ವರ್ಷಕ್ಕೆ 300 ದಿನ ಎಂದರೆ 15,600 ಕಿಲೋಮೀಟರ್. ಇಷ್ಟು ಓಡಿಸಿದರೆ ಉಳಿಯುವುದು 40 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ ವರ್ಷಕ್ಕೆ 3,600 ರೂಪಾಯಿ! ಈ ಲಾಭಕ್ಕಾಗಿ ಐವತ್ತು ಸಾವಿರ ಹೆಚ್ಚು ಕೊಡುವವರು ಹದಿನಾಲ್ಕು ವರ್ಷ ಕಾಯಬೇಕು. ಕೇಂದ್ರ ಸರ್ಕಾರ ಕೂಡ ಮೊದಲು ಇಂಥ ಕಾರುಗಳಿಗೆ ಪ್ರೋತ್ಸಾಹಧನ ಕೊಡುತ್ತಿತ್ತು, 2017ರ ಏಪ್ರಿಲ್‌ನಿಂದ ಅದನ್ನು ನಿಲ್ಲಿಸಿಬಿಟ್ಟಿತು.

ಹಾಗೆಂದು ಸಿಯಾಜ್ ಕೆಟ್ಟ ಕಾರಲ್ಲ. ಹಿಂದಿನ ಸೀಟಿನಲ್ಲಿ ಅಜ್ಜ ಅಜ್ಜಿ ಕಾಲು ಚಾಚಿ ಕುಳಿತುಕೊಳ್ಳಬಹುದು. ಡಿಕ್ಕಿ 510 ಲೀಟರ್. ಮದುವೆ ಮನೆಗೆ ಹೊರಟ ಕುಟುಂಬದ ಸೂಟ್‌ಕೇಸುಗಳನ್ನೆಲ್ಲ ನುಂಗುತ್ತದೆ. ಮಾರುತಿಯ ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಕಂಪನಿ 2025ರಲ್ಲಿ ಈ ಕಾರಿನ ತಯಾರಿಕೆ ನಿಲ್ಲಿಸಿದೆ, ಇದನ್ನು ಚೌಕಾಸಿ ಮಾಡುವಾಗ ನೆನಪಿಸಿ. ಒಳ್ಳೆಯ ಸಿಯಾಜ್ ಸಿಕ್ಕರೆ ಕೊಳ್ಳಿ, ಆದರೆ ಸಾದಾ ಸಿಯಾಜ್‌ನ ಬೆಲೆಗೆ ಕೊಳ್ಳಿ. ಹಿಂಬದಿಯ ಆ ಎಸ್‌ಎಚ್‌ವಿಎಸ್ ಬಿಲ್ಲೆಗೆ ಬೇರೆ ಬೆಲೆ ಬೇಡ.

ಸಿಟಿ ಇ-ಎಚ್‌ಇವಿಯ ಮಾತು ಬೇರೆ. 2022ರ ಮೇ ತಿಂಗಳಲ್ಲಿ 19.49 ಲಕ್ಷ ರೂಪಾಯಿ ಶೋರೂಂ ಬೆಲೆಗೆ ಬಂದ ಇದು ನಿಜವಾದ ಸ್ಟ್ರಾಂಗ್ ಹೈಬ್ರಿಡ್. ಊರೊಳಗೆ ಮೆಲ್ಲಗೆ ಹೋಗುವಾಗ ಎಷ್ಟೋ ಸಲ ಮೋಟಾರೇ ಕಾರನ್ನು ಎಳೆಯುತ್ತದೆ. ಹೆಚ್ಚಿನ ಹೊತ್ತು ಇಂಜಿನ್‌ನ ಕೆಲಸ ವಿದ್ಯುತ್ ತಯಾರಿಸುವುದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಮಾತ್ರ ಇಂಜಿನ್ ನೇರವಾಗಿ ಚಕ್ರಕ್ಕೆ ಜೋಡಣೆಯಾಗುತ್ತದೆ. ಕಂಪನಿ ಹೇಳಿದ ಮೈಲೇಜ್ 26.5. ಅದೇ ಸಿಟಿಯ ಸಾದಾ ಪೆಟ್ರೋಲ್ ಆಟೊಮ್ಯಾಟಿಕ್‌ಗೆ 18.4.

ಮತ್ತೆ ನಮ್ಮ 15,600 ಕಿಲೋಮೀಟರ್ ಲೆಕ್ಕಕ್ಕೆ ಬರೋಣ. ಸಾದಾ ಸಿಟಿಗೆ ವರ್ಷಕ್ಕೆ ಸುಮಾರು 848 ಲೀಟರ್ ಬೇಕು, ಹೈಬ್ರಿಡ್‌ಗೆ 589. ಉಳಿಯುವುದು 259 ಲೀಟರ್, ನೂರರ ಲೆಕ್ಕದಲ್ಲಿ 25,900 ರೂಪಾಯಿ. ಇದು ಸಣ್ಣ ಹಣವಲ್ಲ. ಮಗಳ ಕಾಲೇಜು ಫೀಸಿಗೆ ಆಗುತ್ತದೆ. ಆದರೆ ಒಂದೇ ವಯಸ್ಸಿನ ಸಾದಾ ಸಿಟಿಗಿಂತ ಹೈಬ್ರಿಡ್‌ಗೆ ಎರಡು ಲಕ್ಷ ಹೆಚ್ಚು ಕೇಳಿದರೆ ಆ ಹಣ ತಿರುಗಿ ಬರಲು ಸುಮಾರು ಎಂಟು ವರ್ಷ ಬೇಕು. ಹೈಬ್ರಿಡ್ ಬ್ಯಾಟರಿಗೆ ಹೋಂಡಾ ಕೊಟ್ಟ ವಾರಂಟಿಯೂ ಎಂಟೇ ವರ್ಷ, ಇಲ್ಲವೇ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಅದೂ ನೀವು ಕೊಂಡ ದಿನದಿಂದ ಅಲ್ಲ, ಮೊದಲ ಮಾಲೀಕ ಕೊಂಡ ದಿನದಿಂದ. 2022ರ ಕಾರಿಗೆ 2030ರಲ್ಲಿ ಅದು ಮುಗಿಯುತ್ತದೆ. ಅಂದರೆ ಹೆಚ್ಚು ಕೊಟ್ಟ ಹಣ ಕೈಗೆ ಬರುವ ಮೊದಲೇ ಬ್ಯಾಟರಿಯ ಹೊಣೆ ನಿಮ್ಮ ತಲೆಗೆ ಬಂದಿರುತ್ತದೆ. ಅಂತರ ಒಂದು ಲಕ್ಷದೊಳಗೆ ಇದ್ದರೆ ನಾಲ್ಕು ವರ್ಷದೊಳಗೆ ಲೆಕ್ಕ ಸರಿಹೋಗುತ್ತದೆ. ಆಗ ಯೋಚಿಸಬಹುದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೈಬ್ರಿಡ್‌ನ ದೊಡ್ಡ ಲಾಭ ಇರುವುದು ನಿಂತು ನಿಂತು ಹೋಗುವ ರಸ್ತೆಯಲ್ಲಿ. ಬೆಳಗಾವಿಯ ಗೋವಾವೇಸ್‌ನಿಂದ ಚೆನ್ನಮ್ಮ ಸರ್ಕಲ್‌ವರೆಗೆ, ಖಡೇಬಜಾರ್‌ನ ಸಂಜೆಯ ಗದ್ದಲದಲ್ಲಿ, ಟಿಳಕವಾಡಿಯ ರೈಲ್ವೆ ಗೇಟಿನ ಮುಂದೆ ಅದು ತನ್ನ ಗುಣ ತೋರಿಸುತ್ತದೆ. ಬ್ರೇಕ್ ಒತ್ತಿದಷ್ಟೂ ಅದಕ್ಕೆ ಗಳಿಕೆ. ಖಾನಾಪುರ ರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಒಂದೇ ಸಮನೆ ಹೋಗುವವನಿಗೆ ಬ್ರೇಕಿನ ಗಳಿಕೆ ಎಲ್ಲಿಂದ ಬರಬೇಕು? ಅವನ ಉಳಿತಾಯ ಮೇಲೆ ಹೇಳಿದ 25,900ಕ್ಕಿಂತ ಕಡಿಮೆಯೇ ಆಗುತ್ತದೆ. ಅಂದರೆ ಒಂದೇ ಕಾರು ಬೆಳಗಾವಿಯೊಳಗೇ ಸುತ್ತುವ ಮನೆಗೆ ಲಾಭದ್ದು, ಖಾನಾಪುರದಿಂದ ಓಡಾಡುವ ಮನೆಗೆ ಅಷ್ಟು ಲಾಭದ್ದಲ್ಲ. ನೆರೆಮನೆಯವರಿಗೆ ಇಪ್ಪತ್ತಮೂರು ಬಂತೆಂದು ನಿಮಗೂ ಬರಬೇಕಿಲ್ಲ. ಅದೂ ಅಲ್ಲದೆ 2025ರ ಹೊತ್ತಿಗೆ ದೇಶದ ಪಂಪುಗಳಲ್ಲಿ ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆತಿದೆ. ಅದರಿಂದ ಎಲ್ಲ ಕಾರುಗಳ ಮೈಲೇಜೂ ಸ್ವಲ್ಪ ಇಳಿಯುತ್ತದೆ. ಬೆಳಗಾವಿ ಜಿಲ್ಲೆಯ ಕಬ್ಬಿಗೆ ಅದರಿಂದ ಬೇಡಿಕೆ ಬಂದಿದೆ ಎಂದು ಸಮಾಧಾನಪಟ್ಟುಕೊಳ್ಳೋಣ!

ಹೈಬ್ರಿಡ್ ಸಿಟಿಯ ಡಿಕ್ಕಿಯನ್ನು ತೆರೆದು ನೋಡಲು ಮರೆಯಬೇಡಿ. ಸಾದಾ ಸಿಟಿಗೆ 506 ಲೀಟರ್ ಜಾಗವಿದ್ದರೆ ಇದಕ್ಕೆ 306 ಮಾತ್ರ. ಬ್ಯಾಟರಿ ಅಲ್ಲೇ ಕುಳಿತಿದೆ. ಊರಿನ ಅಕ್ಕಿ ಚೀಲ, ಮಗುವಿನ ಗಾಡಿ, ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ಹಿಡಿಯಲಾರವು. ಗಂಡಸರು ಈ ವಿಷಯವನ್ನು ಶೋರೂಂನಲ್ಲಿ ಗಮನಿಸುವುದೇ ಇಲ್ಲ. ಮನೆಯಾಕೆಯನ್ನು ಕರೆದುಕೊಂಡು ಹೋದರೆ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾಳೆ.

ಕ್ಯಾಮ್ರಿ ಬಗ್ಗೆ ಚಿಕ್ಕದಾಗಿ ಹೇಳುವೆ. 2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾಗುತ್ತಿರುವ, 2.5 ಲೀಟರ್ ಇಂಜಿನ್‌ನ, ನೆಮ್ಮದಿಯ ದೊಡ್ಡ ಕಾರು. ಹೊಸದಾಗಿದ್ದಾಗ ಮೂವತ್ತು ಲಕ್ಷದ ಆಸುಪಾಸಿನದ್ದು ಹತ್ತು ವರ್ಷ ಕಳೆದ ಮೇಲೆ ಹೊಸ ಸಣ್ಣ ಕಾರಿನ ಬೆಲೆಗೆ ಸಿಕ್ಕಾಗ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕಾರಿನ ಬೆಲೆ ಇಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹೈಬ್ರಿಡ್ ಬ್ಯಾಟರಿಗೆ ಟೊಯೋಟಾ ಎಂಟು ವರ್ಷದ ವಾರಂಟಿ ಕೊಡತೊಡಗಿದ್ದು 2021ರ ಆಗಸ್ಟ್‌ನಿಂದ. ಅದಕ್ಕೂ ಹಿಂದೆ ಮೂರು ವರ್ಷವಷ್ಟೇ ಇತ್ತು. ಹಳೆಯ ಕ್ಯಾಮ್ರಿ ಕೊಳ್ಳುವವರು ಬ್ಯಾಟರಿಯ ಖರ್ಚನ್ನು ಬೇರೆಯಾಗಿ ಎತ್ತಿಟ್ಟುಕೊಂಡೇ ಕೊಳ್ಳಬೇಕು. ಇನ್ನು ಬೆಳಗಾವಿಯ ದರ್ಬಾರ್ ಗಲ್ಲಿಯಲ್ಲಿ ಅದನ್ನು ತಿರುಗಿಸುವುದು ಹೇಗೆಂದು ನನ್ನನ್ನು ಕೇಳಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನೀರು.

2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ, ಪಕ್ಕದ ಕೊಲ್ಹಾಪುರ, ಸಾಂಗ್ಲಿ ಹೇಗೆ ಮುಳುಗಿದವು ಎಂಬುದು ನಿಮಗೆ ನೆನಪಿರಬಹುದು. 2021ರ ಜುಲೈಯಲ್ಲಿ ಮತ್ತೆ ಅದೇ ಕಥೆ. ಎರಡು ಸಲವೂ ಕೊಲ್ಹಾಪುರದ ಬಳಿ ಪುಣೆ-ಬೆಂಗಳೂರು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಮನೆ ಮುಂದೆ ನಿಂತಿದ್ದ ಎಷ್ಟೋ ಕಾರುಗಳು ನೀರಿನಲ್ಲಿ ನಿಂತವು. ಅಂಥ ಕಾರುಗಳನ್ನು ತೊಳೆದು, ಸೀಟಿನ ಬಟ್ಟೆ ಬದಲಿಸಿ, ಹೊಳಪು ಕೊಟ್ಟು ಇನ್ನೊಂದು ಊರಿನಲ್ಲಿ ಮಾರುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ವಸ್ತುವಿನ ಕೊರತೆಯನ್ನು ಹೇಳಿಯೇ ಮಾರಬೇಕು ಎಂಬುದು ನಮಗೆಲ್ಲ ಚಿಕ್ಕಂದಿನಿಂದ ಕಲಿಸಿದ ಪಾಠ. ಆದರೆ ಕೊಳ್ಳುವವನು ಕಣ್ಣು ಮುಚ್ಚಿಕೊಳ್ಳಬೇಕೆಂದು ಯಾರೂ ಕಲಿಸಿಲ್ಲ.

ಸಾದಾ ಕಾರಿಗೆ ನೀರು ಹೊಕ್ಕರೆ ನಷ್ಟ, ಹೈಬ್ರಿಡ್‌ಗೆ ಹೊಕ್ಕರೆ ನಷ್ಟದ ಜೊತೆ ಅಪಾಯ. 2018ರ ನಂತರದ ಪೆಟ್ರೋಲ್ ಸಿಯಾಜ್‌ನಲ್ಲಿ ಲಿಥಿಯಂ ಬ್ಯಾಟರಿ ಇರುವುದು ಮುಂದಿನ ಪ್ರಯಾಣಿಕರ ಸೀಟಿನ ಕೆಳಗೆ. ಸಿಟಿಯಲ್ಲಿ ಡಿಕ್ಕಿಯ ಕಡೆಗೆ, 2019ರ ನಂತರದ ಕ್ಯಾಮ್ರಿಯಲ್ಲಿ ಹಿಂದಿನ ಸೀಟಿನ ಅಡಿಗೆ. ಮೊಣಕಾಲು ನೀರು ಒಳಬಂದರೂ ಮೊದಲು ತಾಗುವುದು ಅದಕ್ಕೇ. ತೇವ ಹೊಕ್ಕ ಜೋಡಣೆಗಳು ಕೂಡಲೇ ಕೈ ಕೊಡುವುದಿಲ್ಲ. ತಿಂಗಳುಗಳ ಮೇಲೆ ಕಿಲುಬು ಹಿಡಿದು, ಯಾವುದೋ ಮಳೆಯ ರಾತ್ರಿ ಜಾಂಬೋಟಿಯ ದಾರಿಯಲ್ಲಿ ಕಾರು ನಿಂತುಬಿಡುತ್ತದೆ.

ಆದ್ದರಿಂದ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಗೆರೆ ಇದೆಯೇ? ಸೀಟಿನ ಕೆಳಗಿನ ಕಂಬಿ, ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ? ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಕೈಯಾಡಿಸಿ, ನುಣ್ಣನೆಯ ಮಣ್ಣು ಸಿಕ್ಕರೆ ಮುಂದಿನ ಮಾತು ಬೇಡ. ಹಳೆಯ ಕಾರಿಗೆ ಹೊಚ್ಚ ಹೊಸ ಕಾರ್ಪೆಟ್, ಮೂಗಿಗೆ ರಾಚುವಷ್ಟು ಸುಗಂಧ ಇದ್ದರೂ ಅನುಮಾನಿಸಿ. ಹಳೆಯ ವಿಮಾ ಪಾಲಿಸಿಗಳನ್ನು ಕೇಳಿ ಪಡೆಯಿರಿ. ನೋ ಕ್ಲೇಮ್ ಬೋನಸ್ ಒಂದು ವರ್ಷ ಇದ್ದಕ್ಕಿದ್ದಂತೆ ಸೊನ್ನೆಯಾಗಿದ್ದರೆ ಆ ವರ್ಷ ಏನಾಯಿತೆಂದು ವಿಮಾ ಕಂಪನಿಯಿಂದಲೇ ತಿಳಿದುಕೊಳ್ಳಿ. ಅದು 2019 ಅಥವಾ 2021ರ ಮಳೆಗಾಲದ ಕ್ಲೇಮ್ ಆಗಿದ್ದರಂತೂ ಉತ್ತರ ಸಿಕ್ಕಂತೆಯೇ.

ಓಡಿಸಿ ನೋಡುವುದೂ ಹತ್ತು ನಿಮಿಷದ ಶಾಸ್ತ್ರವಾಗಬಾರದು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಸಿಟಿ, ಕ್ಯಾಮ್ರಿಗಳಲ್ಲಿ ಬಟನ್ ಒತ್ತಿದಾಗ ಸದ್ದು ಬರದಿದ್ದರೆ ಗಾಬರಿ ಬೇಡ, ರೆಡಿ ಎಂಬ ದೀಪ ಬೆಳಗಿದರೆ ಕಾರು ಹೊರಡಲು ಸಿದ್ಧವಿದೆ ಎಂದರ್ಥ. ಮೀಟರಿನಲ್ಲಿ ಬ್ಯಾಟರಿಯ ಗೆರೆಗಳನ್ನು ಗಮನಿಸಿ. ಸಣ್ಣ ಏರು ಬಂದ ಕೂಡಲೇ ಸರ್ರನೆ ಇಳಿದು, ಸಣ್ಣ ಇಳಿಜಾರಿನಲ್ಲಿ ಸರ್ರನೆ ತುಂಬಿಕೊಂಡರೆ ಬ್ಯಾಟರಿ ಮುದಿಯಾಗಿದೆ ಎಂದು ತಿಳಿಯಬಹುದು. ಸಿಯಾಜ್‌ನಲ್ಲಿ ಇಂಜಿನ್ ಬಿಸಿಯಾದ ಮೇಲೆ, ಎ.ಸಿ. ಬಂದ್ ಮಾಡಿ, ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದಾಗಲೂ ಇಂಜಿನ್ ನಿಲ್ಲದಿದ್ದರೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ಕ್ಯಾಮ್ರಿಯ ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇದೆ. ಅದು ಧೂಳಿನಿಂದ ಮುಚ್ಚಿದ್ದರೆ ಆ ಬ್ಯಾಟರಿ ಬಿಸಿಯಲ್ಲೇ ಬದುಕಿದೆ ಎಂದು ತಿಳಿಯಿರಿ. ಬಾನೆಟ್ ಎತ್ತಿದಾಗ ಕಾಣುವ ಕಿತ್ತಳೆ ಬಣ್ಣದ ಕೇಬಲ್ ಅಧಿಕ ವೋಲ್ಟೇಜಿನದ್ದು. ಪರಿಚಯದ ಫಿಟ್ಟರ್ ಎಷ್ಟೇ ಅನುಭವಿಯಾದರೂ ಅದಕ್ಕೆ ಕೈ ಹಚ್ಚಲು ಬಿಡಬೇಡಿ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಶುಲ್ಕ ಕೊಟ್ಟು ತಪಾಸಣೆ ಮಾಡಿಸಿ, ಸರ್ವಿಸ್ ದಾಖಲೆಯನ್ನೂ ಅಲ್ಲೇ ತೆಗೆಸಿ. ಓಡಿದ ಕಿಲೋಮೀಟರ್ ನಿಜವೋ ಸುಳ್ಳೋ ಅಲ್ಲಿ ಗೊತ್ತಾಗುತ್ತದೆ. ಬ್ಯಾಟರಿ ವಾರಂಟಿ ಎರಡನೆಯ ಮಾಲೀಕನಿಗೂ ಸಲ್ಲುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಹೈಬ್ರಿಡ್ ಕೆಲಸ ಬೆಳಗಾವಿಯಲ್ಲೇ ಆಗುತ್ತದೆಯೋ, ಹುಬ್ಬಳ್ಳಿಗೋ ಕೊಲ್ಹಾಪುರಕ್ಕೋ ಒಯ್ಯಬೇಕೋ, ಅದನ್ನೂ ಆಗಲೇ ಕೇಳಿಬಿಡಿ.

ಗಡಿಯ ಊರಿನವರಾದ್ದರಿಂದ ಕಾಗದಪತ್ರದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕಾಗಿದೆ. ಗೋವಾ ಅಥವಾ ಕೊಲ್ಹಾಪುರದ ನಂಬರಿನ ಕಾರು ಕೆಎ-22 ನಂಬರಿನದ್ದಕ್ಕಿಂತ ಅಗ್ಗವಾಗಿ ಸಿಗಬಹುದು. ಆದರೆ ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. ಹೊರ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆಗ ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿ, ಬೆಲೆಗೆ ಕೂಡಿಸಿ, ಆಮೇಲೆ ಅಗ್ಗವೋ ತುಟ್ಟಿಯೋ ನೋಡಿ. ಮೊದಲ ಆರ್.ಟಿ.ಓ.ದಿಂದ ಎನ್.ಓ.ಸಿ. ಬಾರದೆ ಇಸಾರಕ್ಕಿಂತ ಹೆಚ್ಚು ಹಣ ಕೊಡಬೇಡಿ. ಹಳೆಯ ಮಾಲೀಕನ ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂಬುದನ್ನು ಪರಿವಾಹನ್ ದಾಖಲೆಯಲ್ಲಿ ನೀವೇ ಕಾಣಬಹುದು. ವ್ಯಾಪಾರಿಯೊಬ್ಬ ಪೂರ್ತಿ ಬೆಲೆಯ ಮೇಲೆ ಶೇ. 18 ಜಿ.ಎಸ್.ಟಿ. ಎಂದು ಚೀಟಿ ಬರೆದರೆ ಒಪ್ಪಬೇಡಿ. 2025ರ ಜನವರಿಯಿಂದ ಬಂದ ಆ ದರ ವ್ಯಾಪಾರಿಗೆ ಉಳಿಯುವ ಅಂತರದ ಮೇಲೆ ಮಾತ್ರ.

ಹೊಸ ಕಾರು ಬಂದ ಖುಷಿಯಲ್ಲಿ ಹಳೆಯದನ್ನು ಯಾರಿಗೋ ಕೊಟ್ಟು, ಸಹಿ ಮಾಡಿದ ಖಾಲಿ ಫಾರಂ ಕೈಗಿಟ್ಟು ಮರೆತುಬಿಡುವವರು ಬಹಳ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂಥವರಿಗೆ ಗೊತ್ತಿರಬೇಕು. ಕಾರು ಎಷ್ಟು ಕೈ ಬದಲಾದರೂ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆಯೂ ಅವನದೇ. ಆದ್ದರಿಂದ ಕೊಳ್ಳುವ ಕಾರಿನ ಹೆಸರು ಬದಲಾವಣೆಗೆ ಎಷ್ಟು ಅವಸರ ಮಾಡುತ್ತೀರೋ, ಮಾರಿದ ಕಾರಿನದಕ್ಕೂ ಅಷ್ಟೇ ಅವಸರ ಮಾಡಿ.

ಕೊನೆಗೆ ಗಲ್ಫಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಒಂದು ವಿಷಯ. ರಜೆಗೆ ಬಂದಾಗ ಓಡಿಸಲೆಂದು ಕೊಂಡ ಕಾರು ಉಳಿದ ಹತ್ತು ತಿಂಗಳು ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಹೈಬ್ರಿಡ್‌ಗೆ ಈ ನಿದ್ದೆ ಒಗ್ಗುವುದಿಲ್ಲ. ದೊಡ್ಡ ಬ್ಯಾಟರಿಯ ಜೊತೆ ಅದರಲ್ಲೂ 12 ವೋಲ್ಟಿನ ಸಾದಾ ಬ್ಯಾಟರಿ ಇದೆ. ಅದು ಇಳಿದುಹೋದರೆ ಕಾರು ಎಚ್ಚರಗೊಳ್ಳುವುದೇ ಇಲ್ಲ, ಹೈಬ್ರಿಡ್ ಬ್ಯಾಟರಿ ಸತ್ತಿತೆಂದು ಮನೆಯವರು ಗಾಬರಿಯಾಗುತ್ತಾರೆ. ಕೆಲವು ಸಾವಿರದಲ್ಲಿ ಮುಗಿಯುವ ಕೆಲಸಕ್ಕೆ ಲಕ್ಷದ ಮಾತು ಹೇಳುವವರೂ ಆಗಲೇ ಬರುವುದು. ಮೊದಲು ಸಣ್ಣ ಬ್ಯಾಟರಿ ಪರೀಕ್ಷಿಸಲು ಹೇಳಿ. ಮನೆಯಲ್ಲಿ ಓಡಿಸುವವರು ಇದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಸುತ್ತಾಡಿಸಿ ಬರಲಿ. ಅಂಥವರು ಯಾರೂ ಇಲ್ಲದ ಮನೆಯಾದರೆ ಹೈಬ್ರಿಡ್ ಬೇಡ, ಸಾದಾ ಪೆಟ್ರೋಲ್ ಕಾರನ್ನೇ ನೋಡಿ.